ಗಿರಿಜಾಂಬಾ ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಬೈಯುತ್ತಾರೆ

“ಅಮ್ಮಾ, ಗಿರಿಜಜ್ಜಿ ದಿನಾ ಬೆಳಿಗ್ಗೆ ಯಾರಿಗೆ ಬೈತಾರೆ? ಅಲ್ಲಿ ಯಾರೂ ಇರೋದೇ ಇಲ್ವಲ್ಲ.”

ಮಹಡಿಯ ಮೆಟ್ಟಿಲ ಮೇಲೆ ಕೂತು ಎರಡು ಜಡೆ ಹಾಕಿಸಿಕೊಳ್ಳುತ್ತಿದ್ದ ಲಾಸ್ಯ ಹೀಗೆ ಕೇಳಿದಾಗ ಅಕ್ಷತಾಳ ಹಲ್ಲುಗಳ ನಡುವೆ ರಿಬ್ಬನ್ ಇತ್ತು. ಹಾಗಾಗಿ ಕೂಡಲೇ ಉತ್ತರ ಹೇಳುವ ಕಷ್ಟ ತಪ್ಪಿತು. ಕೆಳಗಿನ ಮನೆಯ ಮುಂದಿನ ಕೋಣೆಯಲ್ಲಿ ಮನೆಯೊಡತಿ ಗಿರಿಜಾಂಬಾ ಅವರ ಅಂದಿನ ಅರ್ಚನೆ ಆಗಲೇ ಶುರುವಾಗಿತ್ತು. ನಿನ್ನ ಲಾಟರಿಗೆ ಬೆಂಕಿ ಬೀಳ, ನಿನ್ನ ಮಾತ್ರೆ ನಿನ್ನ ಬಾಯಿಗೇ ಬೀಳ, ಮತ್ತೆ ಬಂದ್ಯಾ ದರಿದ್ರದವನೇ ಎಂದು ಒಂದೊಂದು ಬೈಗುಳಕ್ಕೂ ಕೀಬೋರ್ಡಿನ ಮೇಲೆ ಒಂದೊಂದು ಏಟು ಬೀಳುತ್ತಿತ್ತು.

ರಿಬ್ಬನ್ ಕಟ್ಟಿ ಮುಗಿಸಿದ ಮೇಲೆ ಅಕ್ಷತಾ, ಕಸಕ್ಕೆ ಬೈತಾರೆ ಪುಟ್ಟಿ ಎಂದಳು. ಕಸಕ್ಕೆ ಕೇಳಿಸುತ್ತಾ ಎಂದಿತು ಮಗು. ಇಲ್ಲ ಎಂದಳು ಅಕ್ಷತಾ. ಮತ್ತೆ ಯಾಕೆ ಬೈಬೇಕು ಎಂದು ಕೇಳಿ, ಉತ್ತರಕ್ಕೆ ಕಾಯದೆ, ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯಿತು. ಹಿಂದಿನ ವಾರವಷ್ಟೇ ಶಾಲೆಯ ಮಿಸ್ ಅಕ್ಷತಾಳನ್ನು ಕರೆಸಿದ್ದರು. ತಿಂಡಿ ಡಬ್ಬಿಗೆ ಕೈಹಾಕಿದ ಹುಡುಗನೊಬ್ಬನಿಗೆ ಲಾಸ್ಯ “ನಿನ್ನ ಲಾಟ್ರಿಗೆ ಬೆಂಕಿ ಬೀಳ” ಎಂದಿದ್ದಳಂತೆ. ಇದು ಯಾವ ಮನೆಯ ಮಾತು ಎಂದು ಮಿಸ್ಸಿಗೆ ಅರ್ಥವಾಗಿರಲಿಲ್ಲ.

ಅದು ಲಕ್ಷ್ಮೀಪುರಂನ ಆ ಮನೆಯ ಮಾತು. ಬೈಯುವ ಬಾಯಿ ಯಾವುದೆಂದು ಗೊತ್ತಿಲ್ಲದವರು ಆ ಬೀದಿಯಲ್ಲಿ ಇರಲಿಲ್ಲ. ಆ ಬಾಯಿ ಯಾಕೆ ಬೈಯುತ್ತದೆ ಎಂಬುದು ಮಾತ್ರ ಅಕ್ಷತಾಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಗಿರಿಜಾಂಬಾ ಬಹಳ ವರ್ಷ ಅದೇ ಮುಂದಿನ ಕೋಣೆಯಲ್ಲಿ ಟೈಪಿಂಗ್ ಶಾಲೆ ನಡೆಸಿದವರು. ಮೈಸೂರಿನ ಅರ್ಧದಷ್ಟು ಗುಮಾಸ್ತರು ತಮ್ಮ ಕೈಕೆಳಗೆ ಬೆರಳು ಪಳಗಿಸಿಕೊಂಡವರು ಎನ್ನುವುದು ಅವರ ಹೆಮ್ಮೆ. ಬೆಳಿಗ್ಗೆ ಸಂಜೆ ಪಾಠ, ಮಧ್ಯಾಹ್ನ ಹೊರಗಿನವರ ಕೆಲಸ. ಅರ್ಜಿ, ಕರಾರುಪತ್ರ, ಮದುವೆಯ ಬಯೋಡೇಟಾ, ಯಾರು ಏನು ತಂದರೂ ಹೊಡೆದುಕೊಡುತ್ತಿದ್ದರು. ಕಂಪ್ಯೂಟರ್ ಬಂದು ಹುಡುಗರು ಬರುವುದು ನಿಂತ ಮೇಲೆ ಮಿಷನ್ನುಗಳನ್ನು ಗುಜರಿಗೆ ಹಾಕಿ, ಅದೇ ಮೇಜಿನ ಮೇಲೆ ತಾವೂ ಒಂದು ಕಂಪ್ಯೂಟರ್ ತಂದಿಟ್ಟುಕೊಂಡರು. ಆದರೆ ಬೆರಳು ಹಳೆಯದು. ಸ್ನಾನ ಮಾಡಿ, ವಿಭೂತಿ ಇಟ್ಟು, ಲಿಂಗಪೂಜೆ ಮುಗಿಸಿ, ಕಾಫಿ ಕುಡಿದು ಬಂದು ಕೂತರೆ ಕೀಬೋರ್ಡು ನಡುಗುತ್ತಿತ್ತು.

ಅವರ ಒಬ್ಬನೇ ಮಗ ಮೃತ್ಯುಂಜಯನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವನು ಕೂಸಾಗಿದ್ದಾಗ, ಗಂಡು ಮಕ್ಕಳಿಗೆ ಮಾತು ತಡ ಕಣಮ್ಮ ಎಂದು ನೆಂಟರಿಷ್ಟರೆಲ್ಲ ಸಮಾಧಾನ ಹೇಳಿದರೇ ಹೊರತು, ಕಿವಿ ತೋರಿಸು ಎಂದವರು ಒಬ್ಬರೂ ಇಲ್ಲ. ತೋರಿಸುವ ಹೊತ್ತಿಗೆ ಮಾತು ಕಲಿಯುವ ವಯಸ್ಸು ದಾಟಿಹೋಗಿತ್ತು. ಈಗ ಅವನು ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸಗಾರ, ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾನೆ, ಸನ್ನೆಯಲ್ಲಿ ಬೇಕಾದಷ್ಟು ತಮಾಷೆ ಮಾಡುತ್ತಾನೆ. ಆದರೂ ಆ ಕಳೆದುಹೋದ ವರ್ಷಗಳ ಮೇಲಿನ ಸಿಟ್ಟು ತಾಯಿಯ ಹೊಟ್ಟೆಯಲ್ಲಿ ಆರಿರಲಿಲ್ಲ. ಹೇಳುವವರು ಒಬ್ಬರಿದ್ದಿದ್ದರೆ ಎನ್ನುವುದು ಅವರ ಮಾತಿನ ಪಲ್ಲವಿ.

ಆ ‘ಹೇಳುವವರು’ ಎಂಬ ಸ್ಥಾನವನ್ನು ತುಂಬುವುದಕ್ಕೇ ಹುಟ್ಟಿದ್ದು ‘ಶ್ರವಣ ಬಳಗ’. ಕಿವಿ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ಕೆಲವು ತಂದೆತಾಯಿಯರು ಸೇರಿ ಮಾಡಿಕೊಂಡ ಒಂದು ಮೇಲಿಂಗ್ ಲಿಸ್ಟ್ ಅದು. ಲಾಸ್ಯ ಹುಟ್ಟುವ ಮೊದಲು ಕಂಪ್ಯೂಟರ್ ಕಲಿಸುವ ಕೆಲಸದಲ್ಲಿದ್ದ ಅಕ್ಷತಾಳೇ ಅದನ್ನು ಕೂಡಿಸಿಕೊಟ್ಟಿದ್ದಳು. ಒಂದು ವಿಳಾಸ, ಆ ವಿಳಾಸಕ್ಕೆ ಬರೆದದ್ದು ಬಳಗದ ಎಲ್ಲರ ಅಂಚೆಪೆಟ್ಟಿಗೆಗೂ ಹೋಗುತ್ತದೆ. ಮಗುವಿಗೆ ಕಿವಿಯ ಮಿಷನ್ ಯಾವಾಗ ಹಾಕಿಸಬೇಕು, ಬ್ಯಾಟರಿ ಎಲ್ಲಿ ಸಿಗುತ್ತದೆ, ಶಾಲೆಯವರು ಸೇರಿಸಿಕೊಳ್ಳದಿದ್ದರೆ ಏನು ಮಾಡಬೇಕು, ಹೀಗೆ ಕೇಳಿದ್ದಕ್ಕೆ ಗೊತ್ತಿದ್ದವರು ಹೇಳುತ್ತಾರೆ. ಬಳಗಕ್ಕೆ ಸೇರದವರೂ ಬರೆಯಬಹುದು. ಹೊಸಬರ ಕಾಗದ ಮಾತ್ರ ಬಾಗಿಲಲ್ಲಿ ನಿಲ್ಲುತ್ತದೆ. ಗಿರಿಜಾಂಬಾ ತೆರೆದು ನೋಡಿ ಒಳಗೆ ಬಿಡುತ್ತಾರೆ. ಅವರದೊಂದೇ ಕಟ್ಟಳೆ: ತಾಯಿಯೊಬ್ಬಳು ಕೇಳಿದ್ದಕ್ಕೆ ಅದೇ ದಿನ ಉತ್ತರ ಹೋಗಬೇಕು. ಬೇರೆ ಯಾರೂ ಬರೆಯದಿದ್ದರೆ ಅವರೇ ಬರೆಯುತ್ತಿದ್ದರು.

ಬಾಗಿಲು ತೆರೆದಿಟ್ಟರೆ ಬರುವುದು ತಾಯಂದಿರು ಮಾತ್ರವೇ? ಗಂಡಸರ ಮಾತ್ರೆ ಮಾರುವವರು ಬಂದರು, ಲಾಟರಿ ಹೊಡೆದಿದೆ ಎನ್ನುವವರು ಬಂದರು. ಕಿವಿ ಕೇಳಿಸದ ಮಗುವಿನ ತಾಯಿ ಬರೆದ ಒಂದು ಕಾಗದದ ಹಿಂದೆಮುಂದೆ ಮುಟ್ಟಲೂ ಹೇಸಿಗೆಯಾಗುವ ಚಿತ್ರಗಳು ಬಂದು ಕೂತವು. ಹೆಸರು ಕೇಳಿ ಮೋಸಹೋದ ಯಾರೋ ಪುಣ್ಯಾತ್ಮರು, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ರೂಮು ಬೇಕು ಎಂದು ಬರೆದರು. ಅವರಿಗೆ ಮಾತ್ರ ಗಿರಿಜಾಂಬಾ ಸಮಾಧಾನವಾಗಿ ಬಸ್ಸಿನ ದಾರಿ ಬರೆದು ಕಳಿಸಿದ್ದರು.

ಶುರುವಿನಲ್ಲಿ ಅವರು ಎಲ್ಲರಿಗೂ ಹಾಗೆಯೇ ಸಮಾಧಾನವಾಗಿ ಬರೆಯುತ್ತಿದ್ದರು. ಯಾವುದೋ ದೇಶದ ಸತ್ತ ಮಂತ್ರಿಯ ಹೆಂಡತಿ ಎಂದು ಹೇಳಿಕೊಂಡು ಬಂದ ಕಾಗದಕ್ಕೆ, ನಿಮ್ಮ ಯಜಮಾನರು ಹೋದದ್ದು ಕೇಳಿ ವ್ಯಥೆಯಾಯಿತು, ಆದರೆ ಇದು ಕಿವಿ ಕೇಳಿಸದ ಮಕ್ಕಳ ಬಳಗ, ದಯವಿಟ್ಟು ಅನ್ಯಥಾ ಭಾವಿಸಬೇಡಿ ಎಂದು ಉತ್ತರ ಬರೆದಿದ್ದರು. ಅಲ್ಲಿಂದ ಮುಂದೆ ಹಾವಿಗೆ ಹಾಲೆರೆದಂತಾಯಿತು. ಈ ವಿಳಾಸದಲ್ಲಿ ಉತ್ತರಿಸುವ ಜೀವವೊಂದಿದೆ ಎಂದು ತಿಳಿದು ಊರಿನ ಕಸವೆಲ್ಲ ಅಲ್ಲಿಗೇ ಬಂದು ಬೀಳತೊಡಗಿತು. ಕಸಕ್ಕೆ ಎಂದೂ ಉತ್ತರ ಬರೆಯಬೇಡಿ ಆಂಟಿ, ಎತ್ತಿ ಬಿಸಾಡಿ ಸುಮ್ಮನಾಗಿಬಿಡಿ ಎಂದು ಆಗ ಅಕ್ಷತಾ ಹೇಳಿಕೊಟ್ಟಳು. ಬರೆಯುವುದು ನಿಂತಿತು. ಬರೆಯದೆ ಉಳಿದ ಮಾತೆಲ್ಲ ಬಾಯಲ್ಲಿ ಬರತೊಡಗಿತು.

ಅಷ್ಟಕ್ಕೂ ಆ ಬೆಳಗಿನ ಕಸ ಗುಡಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟು. ಒಂದೊಂದು ಹೊಲಸು ಚಿತ್ರವೂ ತೆವಳಿಕೊಂಡು ಇಳಿಯಬೇಕು, ಅದು ಕಸ ಎಂದು ಕಂಡ ಮೇಲೆ ತೆಗೆಯಬೇಕು. ಅಷ್ಟು ಹೊತ್ತೂ ಆ ಮನೆಯ ಫೋನು ಎಂಗೇಜು.

ಬಳಗದಲ್ಲಿ ರವಿಚಂದ್ರ ಎಂಬ ಯಾದವಗಿರಿಯ ಇಂಜಿನಿಯರೊಬ್ಬರಿದ್ದರು. ಅವರ ಮಗಳಿಗೂ ಕಿವಿಯ ಮಿಷನ್ನಿತ್ತು. ಒಳ್ಳೆಯವರೇ, ಆದರೆ ತಮ್ಮ ಅಂಚೆಪೆಟ್ಟಿಗೆಗೆ ಒಂದು ಮಾತ್ರೆಯ ಜಾಹೀರಾತು ತಪ್ಪಿ ಬಂದರೂ ಸಂಜೆಗೆ ಸ್ಕೂಟರ್ ಏರಿ ಬಂದುಬಿಡುತ್ತಿದ್ದರು. ಒಂದು ಭಾನುವಾರ ಗಿರಿಜಾಂಬಾ ಕೊಟ್ಟ ಕಾಫಿ ಹೀರುತ್ತ ಅವರು ಹೇಳಿದ್ದನ್ನು ಅಕ್ಷತಾ ಬಾಗಿಲಲ್ಲಿ ನಿಂತು ಕೇಳಿದ್ದಳು.

“ಮೇಡಂ, ಇದೇನು ಛತ್ರ ಅಲ್ಲ. ಮೆಂಬರ್ ಆದೋರು ಮಾತ್ರ ಬರೀಲಿ ಅಂತ ಒಂದು ಟಿಕ್ ಹಾಕಿದ್ರೆ ಮುಗೀತು.”

“ಮೆಂಬರ್ ಆಗೋಕೆ ಇಂಗ್ಲಿಷಿನಲ್ಲಿ ಒಂದು ಪುಟ ತುಂಬ್ಬೇಕು, ಪಾಸ್‌ವರ್ಡ್ ನೆನಪಿಟ್ಕೋಬೇಕು. ಕಡಕೊಳದ ಹೆಣ್ಮಕ್ಳು ಅದನ್ನೆಲ್ಲ ಎಲ್ಲಿ ಮಾಡ್ತಾರಪ್ಪ? ಮಠದಲ್ಲಿ ದಾಸೋಹಕ್ಕೆ ಕೂತೋರ್ನ ರಸೀದಿ ಎಲ್ಲಿ ಅಂತ ಕೇಳ್ತಾರಾ?”

“ದಾಸೋಹಕ್ಕೆ ಕಳ್ರೂ ಬಂದು ಕೂರ್ತಾರೆ.”

“ಕೂರ್ಲಿ, ಉಂಡು ಹೋಗ್ಲಿ. ಎಂಜಲೆಲೆ ಎತ್ತೋಳು ನಾನು ತಾನೇ, ನೀವಲ್ವಲ್ಲ.”

ರವಿಚಂದ್ರ ನಕ್ಕು ಲೋಟ ಕೆಳಗಿಟ್ಟರು. ಒಂದಲ್ಲ ಒಂದು ದಿನ ನೀವೇ ಬಾಗಿಲು ಹಾಕ್ತೀರಿ ನೋಡ್ತಿರಿ ಎಂದು ಹೇಳಿ ಹೋದರು.

ಕಡಕೊಳದ ಹೆಣ್ಣುಮಕ್ಕಳು ಬಳಗಕ್ಕೆ ಸಿಕ್ಕಿದ್ದು ಮೃತ್ಯುಂಜಯನಿಂದ. ಕಾರ್ಖಾನೆಯ ಹತ್ತಿರ ಟೀ ಕುಡಿಯುವಾಗ, ಕರೆದರೆ ತಿರುಗದ ಮಗುವೊಂದನ್ನು ಕಂಡು, ಅದರ ತಾಯಿಗೆ ಬಳಗದ ಮೇಲ್ ವಿಳಾಸವನ್ನೂ ಮನೆಯ ಫೋನ್ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಅವಳಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ ಸುದ್ದಿ ಹೋಯಿತು. ಅವರಲ್ಲಿ ಯಾರಿಗೂ ತಮ್ಮದೆಂಬ ಮೇಲ್ ಐಡಿ ಇರಲಿಲ್ಲ. ನಂಜನಗೂಡು ರಸ್ತೆಯಲ್ಲಿ ಬಸವರಾಜು ಎಂಬುವನ ಬ್ರೌಸಿಂಗ್ ಸೆಂಟರ್ ಇತ್ತು, ಜೆರಾಕ್ಸೂ ಎಸ್‌ಟಿಡಿ ಬೂತೂ ಅದರಲ್ಲೇ. ಬಂದವರು ಹೇಳಿದ್ದನ್ನು ಅವನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಟೈಪು ಮಾಡಿ, ಕೊನೆಗೆ ಹೇಳಿದವರ ಹೆಸರು ಹಾಕಿ, ತನ್ನ ಒಂದೇ ಐಡಿಯಿಂದ ಕಳಿಸುತ್ತಿದ್ದ. ಉತ್ತರ ಬಂದರೆ ಪ್ರಿಂಟು ತೆಗೆದಿಟ್ಟು, ಅವರು ಆ ದಾರಿಯಲ್ಲಿ ಹೋಗುವಾಗ ಕೂಗಿ ಕರೆದು ಕೊಡುತ್ತಿದ್ದ. ಊರಿಗೆಲ್ಲ ಒಂದೇ ವಿಳಾಸ. ಆ ಐಡಿಯಿಂದ ಬಂದ ಕಾಗದಗಳು ಬಾಗಿಲಲ್ಲಿ ಕಾಯದೆ ನೇರ ಒಳಗೆ ಬರುವಂತೆ ಗಿರಿಜಾಂಬಾ ಮಾಡಿಟ್ಟಿದ್ದರು. ಬರುವುದೆಲ್ಲ ತಾಯಂದಿರದೇ, ತಡವೇಕೆ ಎಂದು.

ಹೀಗಿರುವಾಗ ಅದೇ ಐಡಿಯಿಂದ ಒಂದು ದಿನ ಎಣ್ಣೆಯ ಕಾಗದ ಬಂತು.

ಹುಟ್ಟು ಕಿವುಡಿಗೆ ಕರ್ಣಾಮೃತ ತೈಲ. ನಲವತ್ತೆಂಟು ದಿನದ ಒಂದು ಮಂಡಲ ಕಿವಿಗೆ ಬಿಟ್ಟರೆ ಮಿಷನ್ ಬಿಸಾಡುವಿರಿ. ಆಸ್ಪತ್ರೆಯವರು ಹೇಳದ ಗುಟ್ಟು. ಕೆಳಗೆ ಒಬ್ಬ ಪಂಡಿತನ ಹೆಸರು, ಮೊಬೈಲ್ ನಂಬರು. ಕಾಯದೆ ಒಳಗೆ ಬಂದದ್ದು ಗಿರಿಜಾಂಬಾ ಕಣ್ಣಿಗೆ ಬೀಳುವ ಮೊದಲೇ ಎಲ್ಲರ ಅಂಚೆಪೆಟ್ಟಿಗೆಗೂ ಹೋಗಿ ಕೂತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಅವರ ಮೈ ಉರಿದುಹೋದದ್ದು ಆ ಕಾಗದಕ್ಕಲ್ಲ. ಅದರ ಹಿಂದೆಯೇ ಬಳಗದವರ ಕಾಗದಗಳು ಬಂದವು. ಎಲ್ಲಿ ಸಿಗುತ್ತದೆ ಸರ್? ಎರಡು ವರ್ಷದ ಮಗುವಿಗೆ ಹಾಕಬಹುದೇ? ನಮಗೂ ಒಂದು ಬಾಟಲಿ ಬೇಕು. ಓದಿದವರು, ಬ್ಯಾಂಕಿನಲ್ಲಿರುವವರು, ಕಾಲೇಜಿನಲ್ಲಿ ಪಾಠ ಮಾಡುವವರು ಹೀಗೆ ಬರೆದಿದ್ದರು. ಅಷ್ಟು ವರ್ಷ ಕೂತು ಹೇಳಿದ್ದೆಲ್ಲ ಒಂದು ಸೀಸೆಗೆ ಸಮನಾಗಲಿಲ್ಲವಲ್ಲ ಎಂಬ ಸಂಕಟದಲ್ಲಿ ಗಿರಿಜಾಂಬಾ ಆ ಬೆಳಿಗ್ಗೆ ಬೈಯಲೂ ಇಲ್ಲ. ಅವರು ಸುಮ್ಮನಿದ್ದದ್ದನ್ನು ಕೇಳಿಯೇ ಅಕ್ಷತಾ ಗಾಬರಿಯಾಗಿ ಕೆಳಗಿಳಿದು ಬಂದಳು.

ಅವಳು ಬರುವಷ್ಟರಲ್ಲಿ ಅವರು ಬಳಗದವರಿಗೆಲ್ಲ ಕೆಂಡದಂಥ ಒಂದು ಕಾಗದ ಬರೆದಾಗಿತ್ತು. ಕಿವಿಗೆ ಎಣ್ಣೆ ಬಿಡುವುದಾದರೆ ನಿಮ್ಮ ನಿಮ್ಮ ಕಿವಿಗೆ ಬಿಟ್ಟುಕೊಳ್ಳಿ, ಮಕ್ಕಳ ತಂಟೆಗೆ ಹೋಗಬೇಡಿ ಎಂದಿತ್ತು ಅದರಲ್ಲಿ. ಮೆಂಬರ್ ಅಲ್ಲದ ಬಸವರಾಜುವಿಗೆ ಅದು ಹೋಗುವಂತಿರಲಿಲ್ಲ. ಆಮೇಲೆ ಬಸವರಾಜುವಿನ ಐಡಿಯನ್ನು ಹುಡುಕಿ ತೆಗೆದು, ಇನ್ನೆಂದೂ ಒಳಗೆ ಬಾರದ ಹಾಗೆ ಹೊರಗೆ ಹಾಕಿದರು. ಆಂಟಿ, ಅವನಿಗೆ ಒಂದು ಮಾತು ಬರೆದು ಕೇಳಬಾರದೇ ಎಂದಳು ಅಕ್ಷತಾ.

“ಕಸದ ಜೊತೆ ಮಾತಾಡ್ಬೇಡಿ ಅಂತ ಹೇಳ್ಕೊಟ್ಟೋಳು ನೀನೇ ಅಲ್ವೇನಮ್ಮ?”

ಅಕ್ಷತಾ ಒಲೆಯ ಮೇಲೆ ಸಾರು ಬಿಟ್ಟು ಬಂದಿದ್ದಳು, ಮೆಟ್ಟಿಲು ಹತ್ತಿ ಹೋದಳು. ಸಂಜೆ ರವಿಚಂದ್ರ ಫೋನು ಮಾಡಿ, ಈಗ ದಾರಿಗೆ ಬಂದ್ರಿ ಮೇಡಂ ಎಂದರಂತೆ.

ಅಲ್ಲಿಂದ ಕೆಲವು ವಾರ ಬಳಗ ತಣ್ಣಗಿತ್ತು. ಕಡಕೊಳದಿಂದ ಯಾರೂ ಏನೂ ಕೇಳಲಿಲ್ಲ. ಕೇಳುವುದೇನೂ ಇಲ್ಲವೇನೋ ಎಂದುಕೊಂಡರು ಇಬ್ಬರೂ. ಹೊರಗೆ ಹಾಕಿದವರ ಕಾಗದ ಬಾಗಿಲ ತನಕವೂ ಬರುವುದಿಲ್ಲ, ಬಂತೆಂಬ ಸುಳಿವೂ ಸಿಗುವುದಿಲ್ಲ ಎಂದು ಗೊತ್ತಿದ್ದವಳು ಅಕ್ಷತಾ. ಗೊತ್ತಿದ್ದೂ ಅವಳಿಗೆ ಹೊಳೆಯಲಿಲ್ಲ. ಅವಳ ಮನೆಯಲ್ಲಿ ಲಾಸ್ಯಳಿಗೆ ಜ್ವರ ಬಂದು ಹೋಗಿತ್ತು, ಶಾಲೆಯ ವಾರ್ಷಿಕೋತ್ಸವಕ್ಕೆ ನವಿಲಿನ ವೇಷ ಹೊಲಿಯುವುದಿತ್ತು.

ಒಂದು ಸಂಜೆ ಮೃತ್ಯುಂಜಯ ಕಂಪನಿ ಬಸ್ಸಿನಿಂದ ಒಬ್ಬನೇ ಇಳಿಯಲಿಲ್ಲ. ಅವನ ಹಿಂದೆ ಒಬ್ಬ ಹೆಂಗಸು, ಅವಳ ಸೊಂಟದ ಮೇಲೆ ಮೂರು ವರ್ಷದ ಗಂಡು ಮಗು. ಮಗು ಒಂದು ಕೈಯನ್ನು ಕಿವಿಗೆ ಒತ್ತಿ ಹಿಡಿದು ತಾಯಿಯ ಹೆಗಲ ಮೇಲೆ ತಲೆ ಹಾಕಿತ್ತು. ಹೆಗಲ ಮೇಲಿನ ಸೆರಗು ಕೀವಿನಿಂದ ಹಳದಿಯಾಗಿತ್ತು. ಮೃತ್ಯುಂಜಯ ಅಮ್ಮನಿಗೆ ಕಿವಿ ತೋರಿಸಿ, ಸೀಸೆಯಿಂದ ಹನಿಸುವ ಸನ್ನೆ ಮಾಡಿ, ಮುಖ ಬಿಗಿದುಕೊಂಡು ನಿಂತ.

ಕಡಕೊಳದ ದಿವ್ಯ ಅವಳು. ಮಗು ಬೀರೇಶ. ಗಿರಿಜಾಂಬಾ ಅವಳನ್ನು ಎಂದೂ ಕಂಡಿರಲಿಲ್ಲ, ಆದರೆ ಅವಳಿಗೆ ಎಷ್ಟೋ ಕಾಗದ ಬರೆದಿದ್ದರು. ಮಗುವಿನ ಕಿವಿ ಪರೀಕ್ಷೆ ಮಾಡಿಸಿದ್ದು, ಮಿಷನ್ನಿಗೆ ಅಳತೆ ಕೊಟ್ಟಿದ್ದು ಎಲ್ಲ ಅವರು ಹೇಳಿದ ಮೇಲೆಯೇ. ಮಿಷನ್ ಬರುವುದಕ್ಕೆ ಮುಂಚೆ ಎಣ್ಣೆಯವನು ಊರಿಗೆ ಬಂದಿದ್ದ. ಮಾವ ಬೀರಯ್ಯ ಒಂದು ಸೀಸೆ ಕೊಂಡುತಂದರು. ದಿವ್ಯ ಬೇಡವೆಂದಳು. ಮನೆಯಲ್ಲಿ ಮಾತಿಗೆ ಮಾತು ಬೆಳೆದು ಕೊನೆಗೆ ಮಾವನೇ ಒಂದು ತೀರ್ಮಾನಕ್ಕೆ ಬಂದರಂತೆ. ಮೈಸೂರಿನ ಅಜ್ಜಿಯನ್ನು ಕೇಳು, ಅವರು ಬೇಡ ಎಂದರೆ ಬಿಟ್ಟುಬಿಡೋಣ ಎಂದರಂತೆ.

ದಿವ್ಯ ನೀರನ್ನೂ ಮುಟ್ಟದೆ ನಿಂತೇ ಹೇಳಿದಳು.

“ಬಸವರಾಜಣ್ಣನ ಕೈಲಿ ಬರೆಸ್ದೆ. ಎಲ್ಡು ಕಿತ ಬರೆಸ್ದೆ. ದಿನಾ ಓಗಿ ಕೇಳ್ದೆ, ಬಂದಿಲ್ಲ ಕಣಕ್ಕ ಅಂದ. ಬೆಳಿಗ್ಗೆ ಕೆಲ್ಸಕ್ಕೋಗೋ ಮುಂಚೆ ಬೂತಿಂದ ಪೋನ್ ಮಾಡುದ್ರೆ ಯಾವಾಗ್ಲೂ ಎಂಗೇಜು. ಆಮೇಲೆ ನಮ್ಮಾವ ಅಂದ್ರು, ಬೇಡ ಅನ್ನಂಗಿದ್ರೆ ಆ ಯಮ್ಮ ಅವತ್ತೇ ಬರೀತಿದ್ರು, ಸುಮ್ನವ್ರೆ ಅಂದ್ರೆ ಹಾಕು ಅಂತ್ಲೇ ಅರ್ಥ ಅಂತ. ನಂಗೂ ಅಂಗೇ ಅನ್ನುಸ್ತು ಅಮ್ಮೋರೇ. ನೀವು ಯಾವತ್ತೂ ಸುಮ್ಕಿದ್ದೋರಲ್ಲ.”

ಸದ್ದು ಕೇಳಿ ಕೆಳಗಿಳಿದು ಬಂದಿದ್ದ ಅಕ್ಷತಾಳಿಗೆ ಗಿರಿಜಾಂಬಾ ಅವರ ಮುಖ ನೋಡಲಾಗಲಿಲ್ಲ. ಮಗುವನ್ನು ದಿವ್ಯಳ ಸೊಂಟದಿಂದ ತಾನೇ ಎತ್ತಿಕೊಂಡು, ಮೃತ್ಯುಂಜಯನಿಗೆ ಆಟೋ ತರುವಂತೆ ಸನ್ನೆ ಮಾಡಿದಳು. ಮೈ ಕಾದ ಹಂಚಿನಂತಿತ್ತು. ಅತ್ತು ಅತ್ತು ಆ ಮಗುವಿನ ದನಿ ಬತ್ತಿಹೋಗಿತ್ತು.

ಕಿವಿಯ ಡಾಕ್ಟರು ನೋಡಿದರು, ಬೈದರು. ಒಳಗಿನ ಪೊರೆ ತೂತಾಗಿದೆ, ಸೋಂಕು ಹರಡಿದೆ ಎಂದರು. ಔಷಧಿಯಿಂದ ಗುಣವಾಗುತ್ತದೆ, ಆದರೆ ಕಿವಿ ಪೂರ್ತಿ ಒಣಗುವ ತನಕ ಮಿಷನ್ ಹಾಕುವಂತಿಲ್ಲ. ಎಷ್ಟು ತಿಂಗಳು ಎಂದು ದಿವ್ಯ ಕೇಳಿದ್ದಕ್ಕೆ, ಈಗಲೇ ಹೇಳಲಾಗದು ಎಂದರು. ಮಾತು ಕಲಿಯುವ ತಿಂಗಳುಗಳು ಯಾವುವು ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗಿಂತ ಗಿರಿಜಾಂಬಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ದಿವ್ಯಳನ್ನೂ ಮಗುವನ್ನೂ ಕಡಕೊಳದ ಬಸ್ಸಿಗೆ ಹತ್ತಿಸಿ ಅವರು ಆಟೋದಲ್ಲಿ ಮನೆಗೆ ಬಂದರು.

ಮಾರನೆಯ ದಿನ ಲಾಸ್ಯಳನ್ನು ಶಾಲೆಗೆ ಬಿಟ್ಟು ಬಂದ ಅಕ್ಷತಾಳನ್ನು ಗೇಟಿನಲ್ಲೇ ನಿಲ್ಲಿಸಿ, ನಡಿ ಕಡಕೊಳಕ್ಕೆ ಎಂದರು ಗಿರಿಜಾಂಬಾ. ಸೀರೆ ಬದಲಾಯಿಸಿ, ಛತ್ರಿ ಹಿಡಿದು ತಯಾರಾಗಿದ್ದರು. ಬಸ್ಸಿನಲ್ಲಿ ಅವರ ಬಾಯಿ ಬಿಚ್ಚಿತು. ಎಣ್ಣೆಯವನ ಕೈ ಸೇದಿಹೋಗಲಿ ಎಂದರು, ಓದಿದ ಕತ್ತೆಗಳು ಎಂದು ಬಳಗದವರಿಗೆ ಬೈದರು, ಆ ಬಸವರಾಜುವಿಗೆ ಇವತ್ತು ಇದೆ ಎಂದರು. ಪಕ್ಕದ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು. ಅಕ್ಷತಾ ತಡೆಯಲಿಲ್ಲ. ಆ ಮಗುವಿನ ಕಾದ ಮೈ ಅವಳ ತೋಳಿನಲ್ಲಿ ಇನ್ನೂ ಉಳಿದಿತ್ತು.

ಬಸವರಾಜು ಇಪ್ಪತ್ತೈದರ ಹುಡುಗ. ಮೃತ್ಯುಂಜಯನ ತಾಯಿ ಎಂದು ತಿಳಿದ ಕೂಡಲೇ ಎದ್ದು ನಿಂತು, ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ. ಗಿರಿಜಾಂಬಾ ಕೂರಲಿಲ್ಲ. ಎಣ್ಣೆಯವನಿಂದ ಎಷ್ಟು ತಿಂದೆ, ಮಕ್ಕಳ ಕಿವಿ ಹಾಳು ಮಾಡಲು ಯಾಕೆ ಕೈ ಕೊಟ್ಟೆ ಎಂದು ಬಾಗಿಲಲ್ಲೇ ನಿಂತು ಕೇಳಿದರು. ಜೆರಾಕ್ಸಿಗೆ ಬಂದವರು ಸರಿದು ನಿಂತರು. ಹುಡುಗನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆದ ಮೇಲೆ ಅವನ ಮುಖ ಸಣ್ಣದಾಯಿತು.

“ಅಮ್ಮೋರೇ, ಬಂದೋರು ಹೇಳಿದ್ದನ್ನ ಹೊಡ್ಕೊಡೋದು ನನ್ ಕಸ್ಬು. ಅವ್ನು ಬಂದು ಹೇಳ್ದ, ಹೊಡ್ದೆ. ಕಿವಿ ವಿಚಾರ ಅಂದ, ಅದ್ಕೇ ನಿಮ್ಗೆ ಕಳ್ಸ್ದೆ, ಒಳ್ಳೇದೋ ಕೆಟ್ಟದ್ದೋ ನೀವೇ ಹೇಳ್ತೀರ ಅಂದ್ಕೊಂಡೆ. ದಿವ್ಯಕ್ಕ ಬಂದ್ಲು, ಅವಳ್ದೂ ಹೊಡ್ದೆ. ಬೇಡ ಕಣೋ ಬಸವರಾಜು ಅಂತ ನೀವು ಒಂದೇ ಒಂದು ಗೆರೆ ಬರ್ದಿದ್ರೆ, ಅವ್ನು ಈ ಮೆಟ್ಲು ಹತ್ತುತಿರ್ಲಿಲ್ಲ.”

ಗಿರಿಜಾಂಬಾ ಛತ್ರಿಯ ಮೇಲೆ ಭಾರ ಹಾಕಿ ನಿಂತಿದ್ದರು. ಒಂದೇ ಜಮೀನಿಗೆ ಹೊಡೆದಾಡುತ್ತಿದ್ದ ಅಣ್ಣತಮ್ಮಂದಿರ ಎದುರುಬದುರು ಅರ್ಜಿಗಳನ್ನು ಒಂದೇ ಮಧ್ಯಾಹ್ನ, ಒಂದೇ ಮಿಷನ್ನಿನಲ್ಲಿ ಹೊಡೆದುಕೊಟ್ಟ ಕಥೆಯನ್ನು ಅವರೇ ನಗುತ್ತ ಅಕ್ಷತಾಳಿಗೆ ಹೇಳಿದ್ದುಂಟು. ಅದು ಕಸುಬು. ಹುಡುಗನ ಮೇಲೆ ಹಾಕಲು ತಂದಿದ್ದ ಸಿಟ್ಟನ್ನು ಇಳಿಸಲು ಅಲ್ಲಿ ಜಾಗ ಸಿಗಲಿಲ್ಲ. ಎಣ್ಣೆಯವನೆಲ್ಲಿ ಎಂದು ಕೇಳಿದರೆ, ಅವನು ಊರು ಬಿಟ್ಟು ಬಹಳ ದಿನವಾಯಿತು ಎಂದರು ಅಲ್ಲಿದ್ದವರು. ಬಸವರಾಜು ಬೂತಿನಿಂದ ಆ ನಂಬರಿಗೆ ಮತ್ತೆ ಮತ್ತೆ ಫೋನು ಹಚ್ಚಿದ. ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಒಂದು ಹೆಣ್ಣು ದನಿ ಎಷ್ಟು ಸಲ ಬೇಕಾದರೂ ಹೇಳಲು ತಯಾರಿತ್ತು. ಬೈಯಬೇಕಾದವನು ಮತ್ತೆ ಕಾಣದ ಕಡೆಯೇ ಉಳಿದ.

ಅವರು ಕೊನೆಗೆ ಕುರ್ಚಿಯಲ್ಲಿ ಕೂತರು. ಹೊಡಿ ಎಂದರು ಹುಡುಗನಿಗೆ. ಈ ಎಣ್ಣೆ ಯಾರೂ ಹಾಕಬಾರದು, ಹಾಕಿದವರು ಕೂಡಲೇ ಮಗುವನ್ನು ಕಿವಿ ಡಾಕ್ಟರಿಗೆ ತೋರಿಸಿ, ದಾರಿ ಗೊತ್ತಿಲ್ಲದಿದ್ದರೆ ನಮ್ಮ ಮನೆಗೇ ಬನ್ನಿ ಎಂದು ಅವರು ಹೇಳಿದರು, ಅವನು ಹೊಡೆದ. ಪ್ರಿಂಟು ತೆಗೆದು ಬೂತಿನ ಗಾಜಿಗೆ, ಟೀ ಅಂಗಡಿಗೆ, ಹಾಲಿನ ಡೈರಿಗೆ ಅಂಟಿಸಿ ಬಂದ. ಅಲ್ಲಿಂದ ಬೀರಯ್ಯನವರ ಮನೆಗೆ ಹೋದರು. ಬೀರಯ್ಯ ಜಗುಲಿಯ ಮೇಲೆ ಕೂತಿದ್ದರು. ಇವರನ್ನು ಕಂಡು ಎದ್ದು, ಏನು ಹೇಳಬೇಕೆಂದು ತಿಳಿಯದೆ, ಉಳಿದಿದ್ದ ಅರ್ಧ ಸೀಸೆ ಎಣ್ಣೆಯನ್ನು ಒಳಗಿನಿಂದ ತಂದು ಗಿರಿಜಾಂಬಾ ಅವರ ಕೈಗೆ ಕೊಟ್ಟರು. ಅವರು ಅದನ್ನು ಚರಂಡಿಗೆ ಸುರಿದರು. ಮಗು ಒಳಗೆ ಮಲಗಿತ್ತು.

ಮನೆಗೆ ಬಂದವರೇ ಗಿರಿಜಾಂಬಾ ಚಪ್ಪಲಿ ಬಿಡುತ್ತಲೇ ಕಂಪ್ಯೂಟರ್ ಹಚ್ಚಿ, ಬಸವರಾಜುವಿನ ಐಡಿಯನ್ನು ಮತ್ತೆ ಒಳಗೆ ತೆಗೆದುಕೊಂಡರು. ಈ ಸಲ ಅವನ ಕಾಗದವೂ ಬಾಗಿಲಲ್ಲಿ ನಿಂತು ಬರಲಿ ಎಂದು ಮಾಡಿದರು. ಕಸ ಗುಡಿಸುವ ಹೊತ್ತನ್ನು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಹಾಕಿಕೊಳ್ಳುತ್ತೇನೆ, ಹೆಣ್ಣುಮಕ್ಕಳು ಫೋನು ಮಾಡುವ ಹೊತ್ತಿಗೆ ಫೋನು ಖಾಲಿಯಿರಲಿ ಎಂದರು. ಸಂಜೆ ರವಿಚಂದ್ರ ಬಂದರು. ವಿಷಯ ಕೇಳಿ ಅವರಿಗೂ ಬೇಸರವಾಗಿತ್ತು, ಆದರೆ ಬೇಸರದಲ್ಲೂ ಬುದ್ಧಿ ಹೇಳುವುದನ್ನು ಬಿಡುವವರಲ್ಲ. ಇನ್ನಾದ್ರೂ ಕೇಳಿ ಮೇಡಂ, ಕಸ ಯಾವುದು ಕಾಳು ಯಾವುದು ಅಂತ ಕಂಪ್ಯೂಟರ್ ಮಿಷನ್ನೇ ಆರಿಸ್ಲಿ, ಮನುಷ್ಯರಿಗೆ ಸಿಟ್ಟು ಬರುತ್ತೆ ಎಂದರು.

“ಬರ್ಲಿ ಬಿಡಿ, ಸಿಟ್ಟು ಬರೋರೇ ಬೇಕು ಅಲ್ಲಿ. ನಿಮ್ಮ ಮಿಷನ್ನಿಗೆ ದಿವ್ಯನ ಕಾಗ್ದಾನೂ ಒಂದೇ, ಎಣ್ಣೆಯೋನ ಕಾಗ್ದಾನೂ ಒಂದೇ. ಎರಡೂ ಕಡಕೊಳದ್ದು, ಎರಡೂ ಒಂದೇ ಐಡಿ. ನಂಗೆ ಸಿಟ್ಟು ಬಂದಿದ್ದು ತಪ್ಪಲ್ಲ. ಬಂದ ಗಳಿಗೇಲೇ ಬಾಗ್ಲು ಹಾಕಿದ್ನಲ್ಲ, ಅದು ತಪ್ಪು.”

ರವಿಚಂದ್ರ ಅಂದು ಕಾಫಿ ಪೂರ್ತಿ ಕುಡಿಯದೆ ಹೋದರು. ಅವರ ಸ್ಕೂಟರಿನ ಸದ್ದು ದೂರವಾದ ಮೇಲೂ ಗಿರಿಜಾಂಬಾ ಕಂಪ್ಯೂಟರಿನ ಮುಂದೆಯೇ ಕೂತಿದ್ದರು. ಆಗಲೇ ಹೊಸ ಕಸ ಬಂದಿತ್ತು. ಯಾರಿಗೋ ಲಾಟರಿ ಹೊಡೆದಿತ್ತು. ಅವರು ಅದನ್ನು ತೆರೆದು, ಕೊನೆಯವರೆಗೂ ಓದಿ, ಬಿಸಾಡಿದರು. ಬೈಯಲಿಲ್ಲ. ಅಕ್ಷತಾ ಲೋಟಗಳನ್ನು ಎತ್ತಿಕೊಂಡು ಹೊರಟಾಗ, ಕೂತ್ಕೋ ಎಂದು ಪಕ್ಕದ ಸ್ಟೂಲು ತೋರಿಸಿದರು.

“ಅಕ್ಷತಾ, ನಂಗೊಂದು ಉಪಕಾರ ಮಾಡಮ್ಮ. ಈ ಬಳಗದ ಯಜಮಾನಿಕೆ ನಿನ್ನ ಹೆಸರಿಗೆ ಮಾಡ್ಕೋ. ಒಳಗೆ ಬಿಡೋದು ನನ್ನ ಕೈಲಿರ್ಲಿ, ಹೊರಗೆ ಹಾಕೋದು ನಿನ್ನ ಕೈಲಿರ್ಲಿ. ನಾನು ಕೂಗಾಡ್ತೀನಿ, ಇವನ್ನ ಹಾಕು ಆಚೆಗೆ ಅಂತೀನಿ. ಅಂದ ದಿನ ನೀನು ಹಾಕ್ಬೇಡ. ಅವ್ನಿಗೆ ಒಂದು ಗೆರೆ ಬರ್ದು ಕೇಳು, ಆ ಐಡೀಲಿ ಇನ್ಯಾರ್ ಯಾರು ಇದಾರೆ ಅಂತ. ಉತ್ರ ಬಂದ್ಮೇಲೆ ಹಾಕು. ನಾನು ಎಷ್ಟು ಬೈದ್ರೂ ಅಲ್ಲಿವರ್ಗೂ ಹಾಕ್ಬೇಡ. ಮಾಡ್ತೀಯಾ?”